ಮನೆಯ ಗ್ಲುಕೋಮೀಟರ್ ಕಿಟ್: ಯಾವ ಭಾಗವನ್ನು ಎಷ್ಟು ನಂಬಬಹುದು?

ಒಂದೇ ಮೀಟರ್, ಒಂದೇ ಕೈ, ಎರಡು ನಿಮಿಷದ ಅಂತರ. ರಕ್ತದ ಶುಗರ್ ಮೊದಲ ಸಲ 138, ಎರಡನೇ ಸಲ 151. ಇದನ್ನು ಕಂಡ ಕೂಡಲೇ ‘ಮೀಟರ್ ಕೆಟ್ಟಿದೆ’ ಎಂದು ಹೊಸದನ್ನು ಹುಡುಕಲು ಹೊರಡುವವರು ಬಹಳ ಜನ. ಮೀಟರ್ ಕೆಡುವುದು ಅಪರೂಪ. ಕೆಟ್ಟರೂ ಅದು ಸಾಮಾನ್ಯವಾಗಿ ಎರರ್ ತೋರಿಸುತ್ತದೆ, ಇಲ್ಲವೇ ಆನ್ ಆಗುವುದೇ ಇಲ್ಲ. ಸದ್ದಿಲ್ಲದೆ ಸುಳ್ಳು ಅಂಕಿ ಕೊಡುವುದು ಬಹುಪಾಲು ಸ್ಟ್ರಿಪ್ (ರಕ್ತದ ಹನಿ ತಾಗಿಸುವ ಪಟ್ಟಿ) ಮತ್ತು ಬೆರಳು. ಹಾಗಾಗಿ ಈ ವಿಮರ್ಶೆಯಲ್ಲಿ ಯಾವುದೋ ಒಂದು ಬ್ರಾಂಡನ್ನು ಎತ್ತಿ ಹಿಡಿಯುವ ಬದಲು, ಕಿಟ್‌ನೊಳಗಿನ ಒಂದೊಂದು ವಸ್ತುವನ್ನೂ ಹೊರಗಿಟ್ಟು ತೂಗಿ ನೋಡಿದ್ದೇವೆ: ಮೀಟರ್, ಸ್ಟ್ರಿಪ್ ಡಬ್ಬಿ, ಚುಚ್ಚುವ ಪೆನ್ನು, ಸೂಜಿ, ಕಿಟ್ ಸರಿಯಿದೆಯೇ ಎಂದು ಪರೀಕ್ಷಿಸುವ ಕಂಟ್ರೋಲ್ ದ್ರಾವಣ. ಅಂಕಿಗಳೆಲ್ಲ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿವೆ.

ಮೊದಲು ‘ಸರಿಯಾದ ರೀಡಿಂಗ್’ ಎಂದರೆ ಏನು ಅನ್ನುವುದು ಇತ್ಯರ್ಥವಾಗಬೇಕು. ಮನೆ ಮೀಟರುಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197:2013. ಲ್ಯಾಬಿನ ಅಂಕಿ 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಟರ್ ಅದರ ಶೇ 15ರ ಆಚೀಚೆ ಇರಬಹುದು. 100ಕ್ಕಿಂತ ಕಡಿಮೆ ಇದ್ದರೆ 15 ಮಿಲಿಗ್ರಾಂ ಆಚೀಚೆ. ಅದೂ ನೂರಕ್ಕೆ 95 ಫಲಿತಾಂಶಗಳು ಮಾತ್ರ ಈ ಗಡಿಯೊಳಗಿದ್ದರೆ ಸಾಕು. ಅಂದರೆ ರಕ್ತದಲ್ಲಿ ನಿಜಕ್ಕೂ 200 ಇದ್ದಾಗ 170 ತೋರಿಸಿದ ಮೀಟರೂ ಪಾಸು, 230 ತೋರಿಸಿದ್ದೂ ಪಾಸು. ಮೇಲೆ ಹೇಳಿದ 138 ಮತ್ತು 151ರ ನಡುವೆ ನಿಜವಾದದ್ದು 145 ಎಂದಿಟ್ಟುಕೊಳ್ಳಿ. ಒಂದು ಶೇ 5ರಷ್ಟು ಕೆಳಗೆ, ಇನ್ನೊಂದು ಶೇ 4ರಷ್ಟು ಮೇಲೆ. ಎರಡೂ ಒಳ್ಳೆಯ ರೀಡಿಂಗುಗಳೇ. ಆ ಮೀಟರನ್ನು ಬೈಯಲು ಕಾರಣವೇ ಇಲ್ಲ.

ಕೆಳಗಿನ ಅಂಕಿಗಳಲ್ಲಿ ವಿಷಯ ಸ್ವಲ್ಪ ಬಿಗಿಯಾಗುತ್ತದೆ. ನಿಜವಾದ ಶುಗರ್ 60 ಇದ್ದಾಗ ಐಎಸ್‌ಒ ಪ್ರಕಾರ ಮೀಟರ್ 45ರಿಂದ 75ರವರೆಗೆ ಏನು ತೋರಿಸಿದರೂ ನಡೆಯುತ್ತದೆ. 75 ಕಂಡವರು ‘ಪರವಾಗಿಲ್ಲ’ ಎಂದು ಮಲಗಿಬಿಡಬಹುದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಮನೆ ಮೀಟರುಗಳಿಗೆ ಕೊಟ್ಟ ಮಾರ್ಗಸೂಚಿ ಇಲ್ಲಿ ಹೆಚ್ಚು ಕಟ್ಟುನಿಟ್ಟು: ಇಡೀ ವ್ಯಾಪ್ತಿಯಲ್ಲಿ ಶೇ 95 ಫಲಿತಾಂಶಗಳು ಶೇ 15ರೊಳಗೆ, ಶೇ 99 ಫಲಿತಾಂಶಗಳು ಶೇ 20ರೊಳಗೆ ಇರಬೇಕು. 60ಕ್ಕೆ ಆ ಲೆಕ್ಕ ಹಾಕಿದರೆ 51ರಿಂದ 69. ಇನ್ಸುಲಿನ್ ಅಥವಾ ಶುಗರ್ ಥಟ್ಟನೆ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಮೀಟರ್ ಆರಿಸುವಾಗ ಕೈಪಿಡಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ನಿಖರತೆಯ ಕೋಷ್ಟಕವನ್ನು ಓದಬೇಕು. ಅದರಲ್ಲೂ 100ಕ್ಕಿಂತ ಕೆಳಗಿನ ಸಾಲನ್ನು. ‘ಮಿತಿ 5 ಮಿಲಿಗ್ರಾಂ ಒಳಗೆ, 10ರ ಒಳಗೆ, 15ರ ಒಳಗೆ’ ಎಂದು ಮೂರು ಕಲಂ ಇರುತ್ತವೆ. ಒಳ್ಳೆಯ ಕಿಟ್ ಮಧ್ಯದ ಕಲಮಿನಲ್ಲೇ ಬಹುತೇಕ ಫಲಿತಾಂಶಗಳನ್ನು ಮುಗಿಸಿರುತ್ತದೆ.

ಡಬ್ಬದ ಮೇಲೆ ‘ಮಾನದಂಡಕ್ಕೆ ಅನುಗುಣ’ ಎಂದು ಅಚ್ಚಾಗಿದ್ದರೆ ಅಲ್ಲಿಗೇ ನಿಶ್ಚಿಂತೆ ಅಂದುಕೊಳ್ಳುವಂತಿಲ್ಲ. ಡಯಾಬಿಟಿಸ್ ಟೆಕ್ನಾಲಜಿ ಸೊಸೈಟಿಯ ತಂಡ ಅಮೆರಿಕದ ಮಾರುಕಟ್ಟೆಯಲ್ಲಿದ್ದ 18 ಮೀಟರುಗಳನ್ನು ಮೂರು ಸುತ್ತು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಲ್ಯಾಬಿನ ಅಂಕಿಯ ಶೇ 15 ಅಥವಾ 15 ಮಿಲಿಗ್ರಾಂ ಒಳಗೆ ಕನಿಷ್ಠ ಶೇ 95 ಫಲಿತಾಂಶ ಇರಬೇಕೆಂಬುದು ಅವರ ಅಳತೆಗೋಲು. ಮೂರೂ ಸುತ್ತು ಗೆದ್ದದ್ದು 6 ಮಾತ್ರ. ಎಲ್ಲವೂ ಮಾರಾಟಕ್ಕೆ ಅನುಮತಿ ಪಡೆದ ಮೀಟರುಗಳೇ ಆಗಿದ್ದವು ಅನ್ನುವುದನ್ನು ನೆನಪಿಡಿ.

ಮೀಟರ್: ಹೇಳುವುದು ಕಡಿಮೆ

ಮೀಟರೆಂದರೆ ಸ್ಟ್ರಿಪ್‌ನಲ್ಲಿ ಹುಟ್ಟುವ ಅತಿ ಸಣ್ಣ ಕರೆಂಟನ್ನು ಅಳೆದು ಅಂಕಿಗೆ ತಿರುಗಿಸುವ ಲೆಕ್ಕಿಗ, ಅಷ್ಟೇ. ದೊಡ್ಡ ಪರದೆ, ಬ್ಲೂಟೂತ್, ಮೊಬೈಲ್ ಆ್ಯಪ್, ನಗುಮುಖದ ಚಿಹ್ನೆ, ಇವುಗಳಿಗೂ ನಿಖರತೆಗೂ ಸಂಬಂಧವಿಲ್ಲ. ಹಣ ಹೆಚ್ಚು ಕೊಡಬೇಕಾದರೆ ಎರಡು ವಿಷಯಕ್ಕೆ ಕೊಡಿ: ಕಣ್ಣು ಮಂಜಾಗಿರುವವರಿಗೆ ದಪ್ಪ ಅಂಕಿ, ರಾತ್ರಿ ನೋಡಬೇಕಾದವರಿಗೆ ಸ್ಟ್ರಿಪ್ ತೂರಿಸುವ ಕಡೆ ಬೆಳಕು. ಕತ್ತಲಲ್ಲಿ ಹನಿ ತಪ್ಪಿ ಸ್ಟ್ರಿಪ್ ಹಾಳಾಗುವುದು ಇದರಿಂದ ತಪ್ಪುತ್ತದೆ.

ಆದರೂ ಮೀಟರ್ ಕಡೆಯಿಂದ ಆಗಬಹುದಾದ ಮೂರ್ನಾಲ್ಕು ಎಡವಟ್ಟುಗಳಿವೆ. ಹಳೆಯ ಮಾದರಿಗಳಲ್ಲಿ ಪ್ರತಿ ಸ್ಟ್ರಿಪ್ ಡಬ್ಬಿಗೂ ಒಂದು ಕೋಡ್ ಇರುತ್ತದೆ. ಡಬ್ಬಿ ಬದಲಾದಾಗ ಕೋಡ್ ಬದಲಿಸದಿದ್ದರೆ ಅಂಕಿ ತಪ್ಪು ಬರುತ್ತದೆ, ಎರರ್ ಬರುವುದಿಲ್ಲ. ಕೋಡಿಂಗ್ ಬೇಡದ ಮೀಟರನ್ನೇ ಕೊಳ್ಳಿ, ಈ ತಲೆನೋವೇ ಇರುವುದಿಲ್ಲ. ಎರಡನೆಯದು ಏಕಮಾನ. ಕೆಲವು ದೇಶಗಳಲ್ಲಿ ಲೀಟರಿಗೆ ಮಿಲಿಮೋಲ್ ಲೆಕ್ಕ ನಡೆಯುತ್ತದೆ. ಲೀಟರಿಗೆ 1 ಮಿಲಿಮೋಲ್ ಎಂದರೆ ಡೆಸಿಲೀಟರಿಗೆ 18 ಮಿಲಿಗ್ರಾಂ, 7.0 ಎಂದರೆ 126. ಬೇರೆ ದೇಶದಿಂದ ಯಾರೋ ತಂದುಕೊಟ್ಟ ಮೀಟರಿನಲ್ಲಿ 11.2 ಕಂಡರೆ ಅದು 200ಕ್ಕೂ ಮೇಲಿನ ಶುಗರ್. ಮೂರನೆಯದು ತಾಪ. ಹೆಚ್ಚಿನ ಮೀಟರುಗಳು ಸುಮಾರು 10ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಕೆಲಸ ಮಾಡುವಂಥವು. ಬಿಸಿಲಲ್ಲಿ ನಿಂತ ಕಾರಿನಿಂದ ತೆಗೆದ ಕಿಟ್ಟನ್ನು ಕೋಣೆಯ ತಾಪಕ್ಕೆ ಬರಲು ಅರ್ಧ ಗಂಟೆ ಬಿಡಬೇಕು. ಮೀಟರ್ ಒಳಗಿನ ಸೆನ್ಸರ್ ತಾಪವನ್ನು ಗಮನಿಸಿ ಲೆಕ್ಕ ಸರಿಪಡಿಸುತ್ತದೆ ನಿಜ, ಆದರೆ ಅದು ಅಳೆಯುವುದು ತನ್ನ ತಾಪವನ್ನು. ಸ್ಟ್ರಿಪ್ ಬೇರೆಡೆಯಿಂದ ತಂದದ್ದಾದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಇನ್ನು ದಿನಾಂಕ ಮತ್ತು ಗಂಟೆ: ಬ್ಯಾಟರಿ ಬದಲಿಸಿದ ಮೇಲೆ ಸರಿಪಡಿಸದಿದ್ದರೆ ಫಾಸ್ಟಿಂಗ್ ಅಂಕಿ ರಾತ್ರಿಯದ್ದಾಗಿ ದಾಖಲಾಗುತ್ತದೆ, ಅದನ್ನು ನೋಡಿ ವೈದ್ಯರು ಔಷಧಿಯ ಪ್ರಮಾಣ ಬದಲಿಸಿಬಿಡುವ ಸಾಧ್ಯತೆ ಇದೆ.

ಸ್ಟ್ರಿಪ್: ಎಲ್ಲ ಇರುವುದು ಇಲ್ಲೇ

ಬೆರಳುಗುರಿನಷ್ಟು ಅಗಲದ ಈ ಪ್ಲಾಸ್ಟಿಕ್ ಪಟ್ಟಿಯೇ ನಿಜವಾದ ಪ್ರಯೋಗಾಲಯ. ತುದಿಯಲ್ಲೊಂದು ಸಣ್ಣ ಬಾಯಿ. ರಕ್ತದ ಹನಿಯನ್ನು ಅದಕ್ಕೆ ತಾಗಿಸಿದರೆ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ತಾನೇ ಒಳಗೆ ಎಳೆದುಕೊಳ್ಳುತ್ತದೆ, ಬೇಕಾಗುವುದು 0.3ರಿಂದ 1 ಮೈಕ್ರೋಲೀಟರ್. ಒಳಗೆ ಒಣಗಿಸಿ ಲೇಪಿಸಿದ ಕಿಣ್ವ ಗ್ಲುಕೋಸನ್ನು ಹಿಡಿದು ಅದರಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ, ಜೊತೆಗಿರುವ ಮಧ್ಯವರ್ತಿ ರಾಸಾಯನಿಕ ಅವನ್ನು ಎಲೆಕ್ಟ್ರೋಡಿಗೆ ಮುಟ್ಟಿಸುತ್ತದೆ. ಗ್ಲುಕೋಸ್ ಹೆಚ್ಚಿದ್ದರೆ ಕರೆಂಟ್ ಹೆಚ್ಚು. ಐದು ಸೆಕೆಂಡಿನಲ್ಲಿ ಮುಗಿಯುತ್ತದೆ. ಕಿಣ್ವ ಲೇಪಿಸಿದ ಎಲೆಕ್ಟ್ರೋಡಿನ ಈ ಕಲ್ಪನೆ 1962ರಷ್ಟು ಹಳೆಯದು, ಕ್ಲಾರ್ಕ್ ಮತ್ತು ಲಯನ್ಸ್ ಅವರದ್ದು. ಅದು ಪೆನ್ನಿನಾಕಾರದ ಮನೆ ಮೀಟರಾಗಿ ಬಂದದ್ದು 1987ರಲ್ಲಿ.

ಈ ಲೇಪನದ ದೊಡ್ಡ ಶತ್ರು ತೇವ. ಸ್ಟ್ರಿಪ್ ಡಬ್ಬಿಯ ಮುಚ್ಚಳದೊಳಗೆ ಅಥವಾ ಒಳಗೋಡೆಯಲ್ಲಿ ತೇವ ಹೀರುವ ವಸ್ತು ಇರುತ್ತದೆ. ಮುಚ್ಚಳ ತೆರೆದಿಟ್ಟು, ಬೆರಳು ಚುಚ್ಚಿ, ರೀಡಿಂಗ್ ನೋಡಿ, ಬರೆದಿಟ್ಟು ಆಮೇಲೆ ಮುಚ್ಚುವ ಅಭ್ಯಾಸವಿದ್ದರೆ ಆ ವಸ್ತು ಕೋಣೆಯ ಗಾಳಿಯ ತೇವವನ್ನೆಲ್ಲ ಹೀರಿ ಬೇಗ ಸೋಲುತ್ತದೆ. ಆಮೇಲೆ ಉಳಿದ ಸ್ಟ್ರಿಪ್‌ಗಳೆಲ್ಲ ಒಟ್ಟಿಗೇ ಕೆಡುತ್ತವೆ. ಕೆಟ್ಟ ಸ್ಟ್ರಿಪ್ ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಕಿಣ್ವದ ಬಲ ಕುಗ್ಗಿದರೆ ಅಂಕಿ ಇಳಿಯುತ್ತದೆ, ಮಧ್ಯವರ್ತಿ ರಾಸಾಯನಿಕ ಮೊದಲೇ ಬದಲಾಗಿದ್ದರೆ ಗ್ಲುಕೋಸ್ ಇಲ್ಲದೆಯೂ ಕರೆಂಟ್ ಹರಿದು ಅಂಕಿ ಏರುತ್ತದೆ. ಯಾವ ಕಡೆಗೆ ತಪ್ಪುತ್ತದೆಂದು ಮೊದಲೇ ಹೇಳಲಾಗದು. ಸರಿಯಾದ ಕ್ರಮ ಸುಲಭ: ಒಣಗಿದ ಕೈಯಿಂದ ಒಂದು ಸ್ಟ್ರಿಪ್ ತೆಗೆ, ಟಕ್ ಎಂದು ಸದ್ದಾಗುವಂತೆ ಮುಚ್ಚಳ ಒತ್ತು, ಆಮೇಲೆ ಮುಂದಿನ ಕೆಲಸ.

ಫ್ರಿಜ್‌ನಲ್ಲಿಟ್ಟರೆ ತಾಜಾ ಇರುತ್ತದೆಂದು ನಂಬಿ ಇನ್ಸುಲಿನ್ ಪಕ್ಕದಲ್ಲೇ ಸ್ಟ್ರಿಪ್ ಇಡುವವರಿದ್ದಾರೆ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ತೆರೆದ ಕ್ಷಣ ಒಳಗೆ ಇಬ್ಬನಿ ಕೂರುತ್ತದೆ, ಅಲ್ಲಿಗೆ ಮುಗಿಯಿತು. ಬಚ್ಚಲು, ಒಲೆಯ ಹತ್ತಿರದ ಕಪಾಟು, ಕಿಟಕಿಯ ಅಂಚು ಕೂಡ ಬೇಡ. ಹೆಚ್ಚಿನ ಕಂಪನಿಗಳು 30 ಡಿಗ್ರಿ ಮೀರಬಾರದೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತವೆ. ಹೊಸ ಡಬ್ಬಿಯ ಸ್ಟ್ರಿಪ್‌ಗಳನ್ನು ಹಳೆಯದಕ್ಕೆ ಸುರಿದು ‘ಒಂದೇ ಡಬ್ಬಿ ಸಾಕು’ ಎಂದು ಮಾಡುವುದೂ ಬೇಡ. ಹಳೆಯ ಡಬ್ಬಿಯ ತೇವ ಹೀರುವ ಶಕ್ತಿ ಆಗಲೇ ಮುಗಿದಿರುತ್ತದೆ, ಯಾವ ಕಂತಿನಲ್ಲಿ ತಯಾರಾದದ್ದೆಂದು ಹೇಳುವ ಲಾಟ್ ಸಂಖ್ಯೆಯೂ ಕಲಸಿಹೋಗುತ್ತದೆ.

ಎಕ್ಸ್‌ಪೈರಿ ದಿನಾಂಕದ ವಿಷಯದಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ಡಬ್ಬಿಯ ಮೇಲಿನ ದಿನಾಂಕ ಸೀಲ್ ತೆರೆಯದ ಡಬ್ಬಿಗೆ. ತೆರೆದ ಮೇಲೆ ಅನೇಕ ಸ್ಟ್ರಿಪ್‌ಗಳ ಆಯುಷ್ಯ 3 ಅಥವಾ 6 ತಿಂಗಳು; ಕೆಲವಕ್ಕೆ ಮಾತ್ರ ಅಚ್ಚಾದ ದಿನಾಂಕದವರೆಗೂ. ಇದನ್ನು ಕೊಳ್ಳುವ ಮುಂಚೆಯೇ ಲೆಕ್ಕ ಹಾಕಬೇಕು. ವಾರಕ್ಕೆ ಎರಡು ಸಲ ಮಾತ್ರ ನೋಡುವವರಿಗೆ 50 ಸ್ಟ್ರಿಪ್‌ಗಳ ಡಬ್ಬಿ 25 ವಾರ ಬರುತ್ತದೆ, ಹತ್ತಿರ ಹತ್ತಿರ ಆರು ತಿಂಗಳು. ಆಯುಷ್ಯ ಮೂರು ತಿಂಗಳಿನದ್ದಾದರೆ ಅರ್ಧ ಡಬ್ಬಿ ಅವಧಿ ಮುಗಿದ ಸ್ಟ್ರಿಪ್. ಅಂಥವರಿಗೆ 25ರ ಡಬ್ಬಿ, ಅಥವಾ ಒಂದೊಂದೇ ಫಾಯಿಲ್‌ನಲ್ಲಿ ಸುತ್ತಿಟ್ಟ ಸ್ಟ್ರಿಪ್ ಲಾಭದ ವ್ಯಾಪಾರ, ಬಿಡಿ ಬೆಲೆ ಜಾಸ್ತಿ ಅನ್ನಿಸಿದರೂ. ತೆರೆದ ದಿನವನ್ನು ಪೆನ್ನಿನಿಂದ ಡಬ್ಬಿಯ ಮೇಲೆ ಬರೆಯಿರಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ ಮೂರು ನೋಡಿ: ಸೀಲ್ ಒಡೆದಿಲ್ಲವೇ, ಹೊರಡಬ್ಬದ ಲಾಟ್ ಸಂಖ್ಯೆ ಒಳಡಬ್ಬಿಯದಕ್ಕೆ ಹೊಂದುತ್ತದೆಯೇ, ಕೊನೆಯ ದಿನಾಂಕಕ್ಕೆ ಎಷ್ಟು ಉಳಿದಿದೆ.

ಇನ್ನು ಕಿಣ್ವ ಯಾವುದು ಎಂಬ ಪ್ರಶ್ನೆ. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕು. ಗ್ಲುಕೋಸ್ ಆಕ್ಸಿಡೇಸ್ ಇರುವ ಸ್ಟ್ರಿಪ್‌ಗಳಲ್ಲಿ ಆಮ್ಲಜನಕವೂ ಎಲೆಕ್ಟ್ರಾನುಗಳಿಗೆ ಪೈಪೋಟಿ ನಡೆಸುತ್ತದೆ. ಆಕ್ಸಿಜನ್ ಚಿಕಿತ್ಸೆಯಲ್ಲಿರುವವರಿಗೆ ಅಂಕಿ ನಿಜಕ್ಕಿಂತ ಕಡಿಮೆ, ರಕ್ತದಲ್ಲಿ ಆಮ್ಲಜನಕ ಕಡಿಮೆ ಇರುವವರಿಗೆ ಹೆಚ್ಚು ಬರಬಹುದು. ಗ್ಲುಕೋಸ್ ಡಿಹೈಡ್ರೋಜಿನೇಸ್ ಇರುವವುಗಳಿಗೆ ಆಮ್ಲಜನಕದ ಕಾಟವಿಲ್ಲ. ಆದರೆ ಅದರಲ್ಲೇ ಪಿಕ್ಯೂಕ್ಯೂ ಎಂಬ ಸಹಕಿಣ್ವ ಬಳಸುವ ಬಗೆಗೆ ಗ್ಲುಕೋಸಿಗೂ ಮಾಲ್ಟೋಸ್ ಎಂಬ ಇನ್ನೊಂದು ಸಕ್ಕರೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಐಕೋಡೆಕ್ಸ್‌ಟ್ರಿನ್ ಇರುವ ದ್ರಾವಣದಿಂದ ಹೊಟ್ಟೆಯ ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಮಾಲ್ಟೋಸ್ ಸೇರುತ್ತದೆ. ಮೀಟರ್ ಅದನ್ನೂ ಗ್ಲುಕೋಸೆಂದು ಎಣಿಸಿ ದೊಡ್ಡ ಅಂಕಿ ತೋರಿಸುತ್ತದೆ, ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಇಂಥ 13 ಸಾವುಗಳು ವರದಿಯಾದದ್ದನ್ನು ಉಲ್ಲೇಖಿಸಿ ಎಫ್‌ಡಿಎ 2009ರಲ್ಲಿ ಎಚ್ಚರಿಕೆ ಹೊರಡಿಸಿತು. ಡಯಾಲಿಸಿಸ್ ರೋಗಿ ಇರುವ ಮನೆಗೆ ಸ್ಟ್ರಿಪ್ ತರುವ ಮೊದಲು ಡಯಾಲಿಸಿಸ್ ಘಟಕದಲ್ಲೇ ಕೇಳಿ ತನ್ನಿ.

ರಕ್ತಹೀನತೆ ಇನ್ನೊಂದು ಮರೆಯ ಶತ್ರು. ಹನಿಯಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಕಡಿಮೆ ಇದ್ದಷ್ಟೂ ಮೀಟರ್ ಅಂಕಿಯನ್ನು ಮೇಲಕ್ಕೆ ಎತ್ತುತ್ತದೆ, ಹೆಚ್ಚಿದ್ದರೆ ಕೆಳಕ್ಕೆ. ಶುಗರ್ 65ಕ್ಕೆ ಇಳಿದಿರುವ ರಕ್ತಹೀನ ವ್ಯಕ್ತಿಗೆ ಮೀಟರ್ 80 ತೋರಿಸುವುದು ಹೀಗೆಯೇ. ಕೈಪಿಡಿಯಲ್ಲಿ ‘ಹೆಮಟೋಕ್ರಿಟ್ ವ್ಯಾಪ್ತಿ’ ಎಂಬ ಸಾಲು ಹುಡುಕಿ. 30ರಿಂದ 55 ಎಂದಿದ್ದರೆ ಸಾಧಾರಣ. 20ರಿಂದ 60 ಅಥವಾ ಇನ್ನೂ ವಿಶಾಲವಾಗಿದ್ದು, ಹೆಮಟೋಕ್ರಿಟ್ ಅಳೆದು ತಾನೇ ಸರಿಪಡಿಸುತ್ತದೆ ಎಂದಿದ್ದರೆ ಉತ್ತಮ. ಗರ್ಭಿಣಿಯರಿಗೆ, ಮೂತ್ರಪಿಂಡದ ಕಾಯಿಲೆಯವರಿಗೆ, ಹಿಮೋಗ್ಲೋಬಿನ್ ಕಡಿಮೆ ಇರುವ ಯಾರಿಗೇ ಆದರೂ ಈ ಒಂದು ಸಾಲು ಆ್ಯಪ್‌ಗಿಂತ ಹತ್ತು ಪಟ್ಟು ಮುಖ್ಯ. ಶಿರೆಯ ಮೂಲಕ ವಿಟಮಿನ್ ಸಿ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಿಗೂ ಸುಳ್ಳು ಏರಿಕೆ ಕಾಣುತ್ತದೆ.

ಚುಚ್ಚುವ ಪೆನ್ನು ಮತ್ತು ಬೆರಳು

ಕಿಟ್‌ಗಳಲ್ಲಿ ಅತಿ ಅಗ್ಗದ ಕೆಲಸ ಕಾಣುವುದು ಈ ಪೆನ್ನಿನಲ್ಲೇ. ಸ್ಪ್ರಿಂಗ್ ಸಡಿಲವಾಗಿದ್ದರೆ ಸೂಜಿ ಅಲುಗುತ್ತಾ ಚುಚ್ಚುತ್ತದೆ: ನೋವು ಜಾಸ್ತಿ, ರಕ್ತ ಕಡಿಮೆ. ಆಮೇಲೆ ಹನಿಗಾಗಿ ಬೆರಳನ್ನು ಹಿಂಡುವ ಕೆಲಸ ಶುರು, ನಿಖರತೆ ಹಾಳಾಗುವುದು ಅಲ್ಲಿಂದ. ಬಲವಾಗಿ ಹಿಂಡಿದರೆ ಜೀವಕೋಶಗಳ ನಡುವಿನ ನೀರು ಹನಿಗೆ ಬೆರೆತು ರಕ್ತ ತೆಳುವಾಗುತ್ತದೆ. ಹಾಗಾಗಿ ಒಳ್ಳೆಯ ಪೆನ್ನು ಐಷಾರಾಮವಲ್ಲ. ಆಳದ ಹಂತಗಳು ಸಾಮಾನ್ಯವಾಗಿ 1ರಿಂದ 5ರವರೆಗೆ ಇರುತ್ತವೆ. 2ರಿಂದ ಶುರುಮಾಡಿ, ಹಿಂಡದೆ ಹನಿ ಬರುವ ತನಕ ಅರ್ಧರ್ಧ ಹಂತ ಏರಿಸಿ ಅಲ್ಲಿಗೇ ನಿಲ್ಲಿಸಿ. ಸೂಜಿಯ ಗೇಜ್ ಸಂಖ್ಯೆ ದೊಡ್ಡದಾದಷ್ಟೂ ಸೂಜಿ ಸಣ್ಣ: 33 ನವಿರು, 28 ದಪ್ಪ. ನವಿರು ಸೂಜಿಯೇ ಬೇಕೆಂದು ಹಟ ಹಿಡಿದು ಮೂರು ಸಲ ಚುಚ್ಚಿಕೊಳ್ಳುವುದಕ್ಕಿಂತ 30ರದ್ದರಲ್ಲಿ ಒಮ್ಮೆ ಚುಚ್ಚುವುದು ಮೇಲು. ಬಳಸಿದ ಸೂಜಿಯ ಮೊನೆ ಮೊದಲ ಸಲಕ್ಕೇ ಮೊಂಡಾಗಲು ಶುರುವಾಗುತ್ತದೆ. ಪ್ರತಿ ಸಲ ಹೊಸದು. ಸೂಜಿ ಬದಲಿಸಿದರೂ ಸರಿ, ಒಬ್ಬರ ಪೆನ್ನನ್ನು ಇನ್ನೊಬ್ಬರು ಬಳಸಬಾರದು; ಪೆನ್ನಿನ ಮೂತಿಯಲ್ಲಿ ಕಾಣದಷ್ಟು ರಕ್ತ ಉಳಿದಿರುತ್ತದೆ, ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು.

ಈಗ ಕೈ ತೊಳೆಯುವ ಮಾತು. ಇದನ್ನು ಶುಚಿತ್ವದ ಉಪದೇಶವೆಂದು ಹಾರಿಸಿ ಓದಬೇಡಿ, ಇದು ಶುದ್ಧ ಲೆಕ್ಕ. ಶುಗರ್ 100 ಎಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದು ಮೈಕ್ರೋಗ್ರಾಂ ಗ್ಲುಕೋಸ್. ಸ್ಟ್ರಿಪ್ ಎಳೆದುಕೊಳ್ಳುವುದು ಅರ್ಧ ಮೈಕ್ರೋಲೀಟರ್ ಎಂದಿಟ್ಟುಕೊಂಡರೆ ಅದರಲ್ಲಿರುವುದು ಅರ್ಧ ಮೈಕ್ರೋಗ್ರಾಂ. ಬೆರಳ ಮೇಲೆ ಅಂಟಿಕೊಂಡಿದ್ದ ಗ್ಲುಕೋಸ್ ಅರ್ಧ ಮೈಕ್ರೋಗ್ರಾಂನಷ್ಟು ಹನಿಯ ಜೊತೆ ಒಳಗೆ ಹೋದರೆ 100 ಇದ್ದದ್ದು 200 ಆಗುತ್ತದೆ. ಅರ್ಧ ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಇಪ್ಪತ್ತು ಲಕ್ಷದ ಒಂದು ಭಾಗ. ಕಣ್ಣಿಗೂ ಕಾಣದು, ಅಂಟೂ ಅನ್ನಿಸದು. ಹಣ್ಣು ಸುಲಿದ ಕೈ, ಜೇನು ಮುಟ್ಟಿದ ಕೈ, ಗ್ಲುಕೋಸ್ ಪುಡಿ ಕಲಸಿದ ಕೈ, ಗ್ಲುಕೋಸ್ ಇರುವ ಕ್ರೀಮ್ ಹಚ್ಚಿಕೊಂಡ ಕೈ ಎಲ್ಲ ಅಪಾಯವೇ. (ತಮಾಷೆಯೆಂದರೆ ಮಾಮೂಲಿ ಸಕ್ಕರೆ ಸುಕ್ರೋಸ್ ಆದ್ದರಿಂದ ಸ್ಟ್ರಿಪ್‌ನ ಕಿಣ್ವ ಅದನ್ನು ನೇರವಾಗಿ ಹಿಡಿಯುವುದಿಲ್ಲ, ಹಣ್ಣಿನ ರಸ ಅದಕ್ಕಿಂತ ದೊಡ್ಡ ಕಳ್ಳ.) ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಪದೇ ಪದೇ ಒರೆಸಿದರೂ ಅಂಕಿ ಸುಳ್ಳಾಗಿಯೇ ಬಂದದ್ದನ್ನು 2011ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ನಲ್ಲಿ ನೀರಿನಲ್ಲಿ ತೊಳೆದಾಗ ಸರಿಹೋಯಿತು. ಕಿಟ್ ಜೊತೆ ಉಚಿತವಾಗಿ ಬರುವ ಸ್ಪಿರಿಟ್ ಹತ್ತಿಗೆ ಅಂಕ ಕೊಡದಿರಲು ಇದೇ ಕಾರಣ.

ಕ್ರಮ ಹೀಗಿರಲಿ. ಉಗುರುಬೆಚ್ಚಗಿನ ನೀರು, ಸೋಪು, ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ. ಒದ್ದೆ ಬೆರಳಿನ ನೀರು ಹನಿಯನ್ನು ತೆಳುಮಾಡುತ್ತದೆ. ಬೆಚ್ಚನೆಯ ನೀರಿಗೆ ರಕ್ತ ಬೆರಳ ತುದಿಗೆ ಬರುತ್ತದೆ. ಸಾಲದಿದ್ದರೆ ಕೈಯನ್ನು ಹತ್ತಿಪ್ಪತ್ತು ಸೆಕೆಂಡು ಇಳಿಬಿಟ್ಟು, ಅಂಗೈಯಿಂದ ಬೆರಳಿನತ್ತ ಹಗುರವಾಗಿ ನೀವಿ. ನಡುಬೆರಳು, ಉಂಗುರಬೆರಳು ಅಥವಾ ಕಿರುಬೆರಳಿನ ತುದಿಯ ಪಕ್ಕದಲ್ಲಿ ಚುಚ್ಚಿ. ನಟ್ಟನಡುವೆ ನರಗಳು ಹೆಚ್ಚು. ಕೈ ತೊಳೆದಿದ್ದರೆ ಮೊದಲ ಹನಿಯೇ ಸಾಕು. ತೊಳೆಯಲು ಅನುಕೂಲವೇ ಇಲ್ಲದ ಕಡೆ ಮಾತ್ರ ಮೊದಲ ಹನಿ ಒರೆಸಿ ಎರಡನೆಯದನ್ನು ಬಳಸಿ. ಹನಿ ಗುಂಡಗೆ ನಿಲ್ಲುವವರೆಗೆ ಕಾದು ಸ್ಟ್ರಿಪ್‌ನ ಬಾಯಂಚನ್ನು ಅದಕ್ಕೆ ತಾಗಿಸಿ, ಅದು ಎಳೆದುಕೊಳ್ಳಲಿ. ಮೇಲಿನಿಂದ ಸವರುವುದು, ಸ್ಟ್ರಿಪ್ಪನ್ನು ಚರ್ಮಕ್ಕೆ ಒತ್ತಿಹಿಡಿಯುವುದು ಎರಡೂ ತಪ್ಪು. ಬಾಯಿ ಮುಚ್ಚಿಹೋಗಿ ಅರ್ಧ ತುಂಬುತ್ತದೆ. ಕಿಂಡಿ ಪೂರ್ತಿ ಕೆಂಪಾಗಬೇಕು. ಅರ್ಧ ತುಂಬಿದ ಸ್ಟ್ರಿಪ್‌ಗೆ ಇನ್ನೊಂದು ಹನಿ ಸೇರಿಸಬಹುದೆಂದು ಕೈಪಿಡಿ ಹೇಳಿದ್ದರೆ ಮಾತ್ರ ಸೇರಿಸಿ, ಇಲ್ಲದಿದ್ದರೆ ಎಸೆದು ಹೊಸದು ತೆಗೆಯಿರಿ. ಹನಿ ಸೇರಿಸಲು ಅವಕಾಶ ಕೊಡುವ ಸ್ಟ್ರಿಪ್ ಕೈ ನಡುಗುವ ಹಿರಿಯರಿಗೆ ನಿಜಕ್ಕೂ ಉಪಕಾರಿ.

ಬೆರಳಿಗೆ ಬದಲು ಮುಂಗೈಯಲ್ಲಿ ಚುಚ್ಚಬಹುದೆಂದು ಕೆಲವು ಕಿಟ್‌ಗಳು ಹೇಳಿಕೊಳ್ಳುತ್ತವೆ. ಫಾಸ್ಟಿಂಗ್‌ಗೆ ಅಡ್ಡಿಯಿಲ್ಲ. ಊಟವಾಗಿ ಎರಡು ಗಂಟೆಯೊಳಗೆ, ವ್ಯಾಯಾಮದ ನಂತರ, ಶುಗರ್ ಇಳಿದ ಅನುಮಾನ ಬಂದಾಗ ಬೇಡವೇ ಬೇಡ. ಬದಲಾವಣೆ ಅಲ್ಲಿಗೆ ತಡವಾಗಿ ತಲುಪುತ್ತದೆ.

ಕಂಟ್ರೋಲ್ ದ್ರಾವಣ: ಇಲ್ಲದಿದ್ದರೆ ಕಿಟ್ ಅಪೂರ್ಣ

ನಮ್ಮ ದೊಡ್ಡ ತಕರಾರು ಇಲ್ಲಿ. ಗೊತ್ತಿರುವ ಪ್ರಮಾಣದ ಗ್ಲುಕೋಸ್ ಬೆರೆಸಿದ ಈ ಪುಟ್ಟ ಸೀಸೆಯನ್ನು ಹಲವು ಕಂಪನಿಗಳು ಕಿಟ್ ಜೊತೆ ಕೊಡುವುದಿಲ್ಲ, ಬೇರೆಯಾಗಿ ಕೇಳಿದರೂ ತರಿಸಿಕೊಡಲು ತಡ ಮಾಡುತ್ತವೆ. ಮನೆಯಲ್ಲೇ ಕುಳಿತು ಮೀಟರ್ ಮತ್ತು ಸ್ಟ್ರಿಪ್‌ನ ಆರೋಗ್ಯ ತಿಳಿಯಲು ಇರುವ ದಾರಿ ಇದೊಂದೇ. ಸೀಸೆಯನ್ನು ಅಲುಗಾಡಿಸಿ, ಮೊದಲ ಹನಿ ಚೆಲ್ಲಿ, ಎರಡನೆಯದನ್ನು ಶುಚಿಯಾದ ಒಣ ಮೇಲ್ಮೈ ಮೇಲೆ, ಉದಾಹರಣೆಗೆ ಅದರದೇ ಮುಚ್ಚಳದ ತಲೆಯ ಮೇಲೆ, ಹಾಕಿ ಸ್ಟ್ರಿಪ್ ತಾಗಿಸಿ. ಸೀಸೆಯ ಮೂತಿಯಿಂದ ನೇರವಾಗಿ ಸ್ಟ್ರಿಪ್‌ಗೆ ಬಿಟ್ಟರೆ ದ್ರಾವಣವೇ ಕಲುಷಿತವಾಗುತ್ತದೆ. ಬಂದ ಅಂಕಿ ಸ್ಟ್ರಿಪ್ ಡಬ್ಬಿಯ ಮೇಲೆ ಅಚ್ಚಾದ ವ್ಯಾಪ್ತಿಯೊಳಗಿರಬೇಕು. ಡಬ್ಬಿಯ ಮೇಲೆ 96–144 ಎಂದಿದ್ದು ನಿಮಗೆ 118 ಬಂದರೆ ಸರಿ, 152 ಬಂದರೆ ಮತ್ತೊಮ್ಮೆ ನೋಡಿ. ಎರಡನೇ ಸಲವೂ ಹೊರಗೆ ಬಿದ್ದರೆ ಹೊಸ ಸ್ಟ್ರಿಪ್ ಡಬ್ಬಿ ತೆರೆದು ನೋಡಿ. ಆಗ ಸರಿಬಂದರೆ ಹಳೆಯ ಡಬ್ಬಿ ಕಸದ ಬುಟ್ಟಿಗೆ. ಆಗಲೂ ಬರದಿದ್ದರೆ ದ್ರಾವಣದ ಅವಧಿ ನೋಡಿ, ತೆರೆದ ಮೇಲೆ ಸಾಮಾನ್ಯವಾಗಿ 3 ತಿಂಗಳು. ಅದೂ ಸರಿಯಿದ್ದರೆ ಮಾತ್ರ ಮೀಟರ್ ಮೇಲೆ ಅನುಮಾನ ಪಡಬಹುದು.

ಒಂದು ಕಂಪನಿಯ ದ್ರಾವಣ ಇನ್ನೊಂದರ ಸ್ಟ್ರಿಪ್‌ಗೆ ನಡೆಯದು. ಲೆವೆಲ್ 1, 2 ಎಂದು ಎರಡು ಬಗೆ ಇದ್ದರೆ ಡಬ್ಬಿಯಲ್ಲಿ ಅದದೇ ಲೆವೆಲ್‌ನ ವ್ಯಾಪ್ತಿ ನೋಡಬೇಕು. ಪ್ರತಿ ಹೊಸ ಡಬ್ಬಿ ತೆರೆದಾಗ, ಮೀಟರ್ ಕೆಳಗೆ ಬಿದ್ದಾಗ, ಮೈಗೆ ಅನ್ನಿಸುವುದಕ್ಕೂ ಅಂಕಿಗೂ ತಾಳೆಯಾಗದಾಗ ಇದನ್ನು ಮಾಡಿ. ಇದು ಹೇಳದ ವಿಷಯವೂ ಇದೆ: ರಕ್ತಹೀನತೆ, ಮಾಲ್ಟೋಸ್, ಕೊಳೆ ಬೆರಳು, ಇವುಗಳಿಂದಾಗುವ ತಪ್ಪು ಕಂಟ್ರೋಲ್ ದ್ರಾವಣದಲ್ಲಿ ಸಿಕ್ಕಿಬೀಳುವುದಿಲ್ಲ.

ಲ್ಯಾಬಿಗೆ ಹೋಲಿಸುವ ಸರಿಯಾದ ರೀತಿ

‘ಲ್ಯಾಬಿನಲ್ಲಿ 142, ಮನೆಯಲ್ಲಿ 181’ ಎಂಬ ದೂರಿನ ಹಿಂದೆ ಬಹಳ ಸಲ ಹೋಲಿಕೆಯೇ ತಪ್ಪಾಗಿರುತ್ತದೆ. ಊಟದ ನಂತರ ಬೆರಳ ತುದಿಯ ರಕ್ತದಲ್ಲಿ ಗ್ಲುಕೋಸ್ ತೋಳಿನ ಶಿರೆಗಿಂತ ಹೆಚ್ಚಿರುತ್ತದೆ, ಏಕೆಂದರೆ ಶಿರೆಗೆ ಬರುವಷ್ಟರಲ್ಲಿ ಸ್ನಾಯುಗಳು ಒಂದಷ್ಟನ್ನು ಹೀರಿಕೊಂಡಿರುತ್ತವೆ. ಹಾಗಾಗಿ ಹೋಲಿಕೆ ಫಾಸ್ಟಿಂಗ್‌ನಲ್ಲೇ ಆಗಬೇಕು. ಇನ್ನೊಂದು ಕಾರಣ, ಕೊಳವೆಯಲ್ಲಿ ಕಾಯುತ್ತಾ ಕೂತ ರಕ್ತ. ರಕ್ತಕಣಗಳು ಅಲ್ಲೂ ಗ್ಲುಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇ 5ರಿಂದ 7. ಬೂದು ಮುಚ್ಚಳದ ಫ್ಲೋರೈಡ್ ಕೊಳವೆ ಇದನ್ನು ತಡೆಯುತ್ತದೆ, ಆದರೆ ಪೂರ್ತಿ ತಡೆಯಲು ಅದಕ್ಕೂ ಒಂದೆರಡು ಗಂಟೆ ಬೇಕು. ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನ ಯಂತ್ರಕ್ಕೆ ಹೋದರೆ ತಪ್ಪಿರುವುದು ಲ್ಯಾಬಿನ ಅಂಕಿಯೂ ಆಗಿರಬಹುದು.

ಮೀಟರನ್ನು ಲ್ಯಾಬಿಗೇ ಒಯ್ಯಿರಿ. ಸಿರಿಂಜಿನಿಂದ ರಕ್ತ ತೆಗೆದ ಐದು ನಿಮಿಷದೊಳಗೆ, ತೊಳೆದು ಒರೆಸಿದ ಇನ್ನೊಂದು ಕೈಯ ಬೆರಳಿನಿಂದ ನೋಡಿ. ಕೊಳವೆಯ ರಕ್ತವನ್ನು ಸ್ಟ್ರಿಪ್‌ಗೆ ಹಾಕಿಸಬೇಡಿ. ಅರ್ಧ ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸುತ್ತಾರೆಯೇ ಎಂದು ಕೇಳಿ. ವರದಿ ಬಂದ ಮೇಲೆ ಮೀಟರಿನ ಅಂಕಿಯಿಂದ ಲ್ಯಾಬಿನದನ್ನು ಕಳೆದು, ಲ್ಯಾಬಿನದರಿಂದ ಭಾಗಿಸಿ, 100ರಿಂದ ಗುಣಿಸಿ. ಲ್ಯಾಬ್ 120, ಮೀಟರ್ 132 ಆದರೆ ಶೇ 10 ಹೆಚ್ಚು, ಗಡಿಯೊಳಗಿದೆ. ಒಂದೇ ಹೋಲಿಕೆಯಿಂದ ಮೀಟರನ್ನು ಎಸೆಯಬೇಡಿ. ಮೂರು ಸಲವೂ ಒಂದೇ ಕಡೆಗೆ ಶೇ 15 ದಾಟಿದರೆ ಎಸೆಯಬಹುದು. ಎರಡು ಮನೆ ಮೀಟರುಗಳನ್ನು ಪರಸ್ಪರ ಹೋಲಿಸುವುದು ದಂಡ. ಒಂದು ಶೇ 12 ಮೇಲೆ, ಇನ್ನೊಂದು ಶೇ 12 ಕೆಳಗೆ ಇದ್ದರೂ ಎರಡೂ ಮಾನದಂಡದೊಳಗೆಯೇ ಇರುತ್ತವೆ, ಮನೆಯಲ್ಲಿ ಜಗಳ ಮಾತ್ರ ಮಿಗುತ್ತದೆ.

ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರನ್ನು ಸೂಚಿಸುವ ರಕ್ತಪರೀಕ್ಷೆ) ವರದಿ ಇದ್ದರೆ ಅದರಿಂದಲೂ ಒರಟಾಗಿ ತಾಳೆ ನೋಡಬಹುದು: ಅದನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಶುಗರ್. 7 ಇದ್ದರೆ ಸುಮಾರು 154. ಮನೆಯಲ್ಲಿ ಬೆಳಿಗ್ಗೆ ಮಾತ್ರ ನೋಡಿ 110 ಸರಾಸರಿ ಎನ್ನುವವರಿಗೆ ಈ 154 ಕಂಡು ಮೀಟರ್ ಮೇಲೆ ಸಿಟ್ಟು ಬರುತ್ತದೆ. ಊಟದ ನಂತರದ ಅಂಕಿಗಳನ್ನು ನೋಡಿಯೇ ಇಲ್ಲ ಅನ್ನುವುದು ನೆನಪಾಗುವುದಿಲ್ಲ. ಆ ‘ಎರಡು ಗಂಟೆ’ಯನ್ನೂ ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದಲ್ಲಿಂದಲ್ಲ.

ಚುಚ್ಚದೆ ಶುಗರ್ ಹೇಳುತ್ತೇವೆನ್ನುವ ಗಡಿಯಾರ ಮತ್ತು ಉಂಗುರಗಳ ಬಗ್ಗೆ ಒಂದೇ ಮಾತು: ಚರ್ಮ ಚುಚ್ಚದೆ ತಾನಾಗಿ ಶುಗರ್ ಅಳೆಯುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ಅನುಮತಿ ಕೊಟ್ಟಿಲ್ಲವೆಂದು ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ತೋಳಿಗೆ ಅಂಟಿಸುವ ಸೆನ್ಸರ್ ಬೇರೆ ಜಾತಿ. ಅದು ಚರ್ಮದಡಿಯ ದ್ರವವನ್ನು ಅಳೆಯುವುದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ, ಅದರ ಮೇಲೆ ಮಗ್ಗುಲಾಗಿ ಮಲಗಿದರೆ ಸುಳ್ಳು ಇಳಿಕೆ ತೋರಿಸುತ್ತದೆ. ಅದನ್ನು ಹಾಕಿಕೊಂಡವರೂ ಒಂದು ಬೆರಳಿನ ಮೀಟರನ್ನು ಮನೆಯಲ್ಲಿಟ್ಟಿರಬೇಕು.

ಕೊಳ್ಳುವ ತೀರ್ಮಾನಕ್ಕೆ ಬಂದರೆ, ಮೀಟರಿನ ಬೆಲೆ ನೋಡಬೇಡಿ, ಒಂದು ವರ್ಷದ ಸ್ಟ್ರಿಪ್‌ನ ಬೆಲೆ ನೋಡಿ. ಕೋಡಿಂಗ್ ಬೇಡದ್ದು, ವಿಶಾಲ ಹೆಮಟೋಕ್ರಿಟ್ ವ್ಯಾಪ್ತಿಯದ್ದು, ಕೈಪಿಡಿಯಲ್ಲಿ ಕಿಣ್ವದ ಹೆಸರು ಮುಚ್ಚುಮರೆಯಿಲ್ಲದೆ ಬರೆದದ್ದು, ಕಂಟ್ರೋಲ್ ದ್ರಾವಣ ಸುಲಭಕ್ಕೆ ಸಿಗುವುದು, ನೀವು ಎಷ್ಟು ಸಲ ನೋಡುತ್ತೀರೋ ಅದಕ್ಕೆ ತಕ್ಕ ಗಾತ್ರದ ಸ್ಟ್ರಿಪ್ ಡಬ್ಬಿ ಇರುವುದು. ಈ ಐದೂ ಇದ್ದರೆ ಪರದೆ ಕಪ್ಪುಬಿಳುಪಾದರೂ ನಮ್ಮ ಶಿಫಾರಸು ಅದಕ್ಕೇ. ಕಂಟ್ರೋಲ್ ದ್ರಾವಣ ಎಲ್ಲೂ ಸಿಗದ ಕಿಟ್, ಎಷ್ಟೇ ಚೆಂದವಿದ್ದರೂ, ಬೇಡ.

ಯಾವ ಕಿಟ್ಟೂ ನಂಬಿಕೆಗೆ ಬಾರದ ಹೊತ್ತು ಕೂಡ ಇದೆ. ತೀವ್ರ ವಾಂತಿಭೇದಿಯಿಂದ ಮೈ ಒಣಗಿರುವಾಗ, ಬಿಪಿ ಕುಸಿದು ಬೆರಳುಗಳು ತಣ್ಣಗಾಗಿರುವಾಗ ಬೆರಳ ತುದಿಗೆ ರಕ್ತವೇ ಸರಿಯಾಗಿ ಬರುವುದಿಲ್ಲ. ಆ ಅಂಕಿಯನ್ನು ಹಿಡಿದು ಕೂರದೆ ಆಸ್ಪತ್ರೆಗೆ ಹೋಗಬೇಕು. ಪರದೆಯಲ್ಲಿ ‘ಎಚ್‌ಐ’ ಎಂದು ಬಂದರೆ ಅದು ಎರರ್ ಅಲ್ಲ, ಹೆಚ್ಚಿನ ಮೀಟರುಗಳಲ್ಲಿ 600 ದಾಟಿದೆ ಎಂದರ್ಥ. ‘ಎಲ್‌ಒ’ ಎಂದರೆ ಅನೇಕವುಗಳಲ್ಲಿ 20ಕ್ಕಿಂತ ಕೆಳಗೆ. ಕೈ ತೊಳೆದು ಕೂಡಲೇ ಇನ್ನೊಮ್ಮೆ ನೋಡಿ, ಅದೇ ಬಂದರೆ ತಡಮಾಡದೆ ವೈದ್ಯರ ಹತ್ತಿರ. ಬೆವರು, ನಡುಕ, ತಲೆಸುತ್ತು ಇದ್ದೂ ಮೀಟರ್ 95 ತೋರಿಸುತ್ತಿದ್ದರೆ ಮೊದಲು ಶುಗರ್ ಇಳಿದದ್ದಕ್ಕೆ ಮಾಡುವ ಉಪಚಾರ, ಅಂದರೆ ಬೇಗ ಕರಗುವ 15 ಗ್ರಾಂ ಗ್ಲುಕೋಸ್. ಆಮೇಲೆ ಕೈ ತೊಳೆದು ಇನ್ನೊಂದು ಸ್ಟ್ರಿಪ್. ಗ್ಲುಕೋಸ್ ಕಲಸಿದ ಅದೇ ಬೆರಳನ್ನು ತೊಳೆಯದೆ ಚುಚ್ಚಿದರೆ ಪರದೆಯ ಮೇಲೆ ಏನು ಬರುತ್ತದೆಂದು ಮೇಲೆ ಲೆಕ್ಕ ಹಾಕಿದ್ದೇವೆ.